ಬಾದಾಮಿ ಸೀಮೆಯಲ್ಲಿ ಎರಡು ದಿನ: ರೊಟ್ಟಿ ಊಟದ ಹೊತ್ತು ನೋಡಿಕೊಂಡು ಹೊರಡಿ

ಬಾದಾಮಿ, ಪಟ್ಟದಕಲ್ಲು, ಐಹೊಳೆ ನೋಡಲು ಬಹಳ ದುಡ್ಡು ಬೇಕಿಲ್ಲ. ಮೂರೂ ಕಡೆಯ ಪ್ರವೇಶ ಟಿಕೆಟ್ ಸೇರಿಸಿದರೆ ತಲೆಗೆ 90 ರೂಪಾಯಿ: ಬಾದಾಮಿ ಗುಹೆಗಳಿಗೆ 25, ಐಹೊಳೆಯ ದುರ್ಗ ಗುಡಿ ಆವರಣಕ್ಕೆ 25, ಪಟ್ಟದಕಲ್ಲಿಗೆ 40. ಆನ್‌ಲೈನಿನಲ್ಲಿ ಕೊಂಡರೆ ಪ್ರತಿ ಟಿಕೆಟ್‌ಗೆ 5 ರೂಪಾಯಿ ಕಡಿಮೆ, 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ಟೇ ಬೇಡ. ಜೇಬಿಗೆ ಕತ್ತರಿ ಬೀಳುವುದು ಬೇರೆ ಕಡೆ. ಊಟದ ಹೊತ್ತಿಗೆ ಊಟ ಸಿಗದ ಊರಲ್ಲಿ ಇರುವುದು ಒಂದು, ಬಸ್ಸಿಲ್ಲದ ಹೊತ್ತಿಗೆ ಐಹೊಳೆಯಲ್ಲಿ ಸಿಕ್ಕಿಕೊಳ್ಳುವುದು ಇನ್ನೊಂದು. ಇವೆರಡನ್ನೂ ತಪ್ಪಿಸುವ ದಾರಿ ಇಲ್ಲಿದೆ.

ಅಕ್ಟೋಬರ್‌ನಿಂದ ಫೆಬ್ರವರಿವರೆಗೆ ಹೋಗುವುದು ಒಳ್ಳೆಯದು. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ಮುಟ್ಟುತ್ತದೆ, ಗುಡಿಗಳ ಕಲ್ಲುಹಾಸಿನ ಮೇಲೆ ಬರಿಗಾಲಿಡಲು ಆಗುವುದಿಲ್ಲ. ಒಂದು ಜೊತೆ ಹಳೇ ಕಾಲುಚೀಲ ಚೀಲದಲ್ಲಿರಲಿ. ಡಿಸೆಂಬರಿನಲ್ಲಿ ಶಾಲಾ ಪ್ರವಾಸದ ಬಸ್ಸುಗಳು ಸಾಲುಗಟ್ಟುತ್ತವೆ. ಆ ತಿಂಗಳಲ್ಲಿ ಹೋಗುವವರು ಶನಿವಾರ, ಭಾನುವಾರ ಬಿಟ್ಟರೆ ಕಂಬಗಳ ಮುಂದೆ ನಿಂತು ನೋಡಲು ಜಾಗ ಸಿಕ್ಕೀತು. ಬಾದಾಮಿ ಮತ್ತು ಐಹೊಳೆಯ ವಸ್ತುಸಂಗ್ರಹಾಲಯಗಳಿಗೆ ಶುಕ್ರವಾರ ರಜೆ.

ಬೆಂಗಳೂರಿನವರಿಗೆ ಗೋಲಗುಂಬಜ್ ಎಕ್ಸ್‌ಪ್ರೆಸ್ ಅನುಕೂಲ: ಸಂಜೆ ಹತ್ತಿ ಮಲಗಿದರೆ ಬೆಳಗ್ಗೆ ಬಾದಾಮಿ. ಸ್ಟೇಷನ್ ಊರಿನಿಂದ ಸುಮಾರು 5 ಕಿ.ಮೀ. ದೂರ, ಇಳಿದ ಕೂಡಲೇ ಹೊರಗೆ ನಿಂತಿರುವ ಶೇರ್ ಆಟೊ ಹತ್ತಿ. ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸಾಮಾನ್ಯ ಸಾರಿಗೆ ಬಸ್ಸು ಪುಕ್ಕಟೆಯಾದರೂ ಬೆಂಗಳೂರಿನಿಂದ ಇಲ್ಲಿಗೆ ರಾತ್ರಿಯಿಡೀ ಕೂತು ಬರುವುದು ಸುಖವಲ್ಲ. ಅಷ್ಟು ದೂರಕ್ಕೆ ದುಡ್ಡು ಕೊಟ್ಟು ರೈಲಿನಲ್ಲೇ ಬನ್ನಿ, ಶಕ್ತಿಯನ್ನು ಇಲ್ಲಿನ ಓಡಾಟಕ್ಕೆ ಇಟ್ಟುಕೊಳ್ಳಿ. ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಬೇಕು. ಶೂನ್ಯ ದರದ ಟಿಕೆಟ್ಟನ್ನು ಕೇಳಿ ಪಡೆದು ಇಳಿಯುವವರೆಗೆ ಇಟ್ಟುಕೊಳ್ಳಿ, ಚೆಕಿಂಗ್‌ನವರು ಬಂದಾಗ ‘ಫ್ರೀ ಅಲ್ವಾ’ ಅಂದರೆ ನಡೆಯುವುದಿಲ್ಲ.

ಮೊದಲ ದಿನ ಬಾದಾಮಿಯಲ್ಲೇ ಇರಿ. ಬಸ್ ನಿಲ್ದಾಣದ ಸುತ್ತ ಒಗ್ಗರಣೆ ಹಾಕಿದ ಚುರಮುರಿ ಸೂಸಲ, ಬಿಸಿ ಮಿರ್ಚಿ ಸಿಗುತ್ತದೆ. ತಿಂದು, ಬಿಸಿಲೇರುವ ಮೊದಲು ಗುಹೆಗಳ ಮೆಟ್ಟಿಲು ಹತ್ತಿ. ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಬಾಳೆಹಣ್ಣು, ತಂಪು ಪಾನೀಯದ ಬಾಟಲಿ ಕಂಡರೆ ಕೋತಿಗಳು ಕಿತ್ತುಕೊಳ್ಳದೆ ಬಿಡುವುದಿಲ್ಲ. ತಿನಿಸೆಲ್ಲ ಜಿಪ್ ಇರುವ ಚೀಲದೊಳಗಿರಲಿ.

ನಾಲ್ಕು ಗುಹೆಗಳಿಗೂ ಸಮಾನ ಹೊತ್ತು ಹಂಚಬೇಡಿ. ಒಂದನೆಯದರ ಬಾಗಿಲ ಬಲಗಡೆ ಹದಿನೆಂಟು ಕೈಗಳ ನಟರಾಜ. ಕೈಗಳನ್ನು ಎಡಕ್ಕೊಂದು ಬಲಕ್ಕೊಂದು ಜೋಡಿಸುತ್ತ ನೋಡಿ, ಪ್ರತಿ ಜೋಡಿಯೂ ಬೇರೊಂದು ನೃತ್ಯಭಂಗಿಯಂತೆ ಕಾಣುತ್ತದೆ. ಎರಡನೆಯದನ್ನು ಬೇಗ ಮುಗಿಸಿ ಮೂರನೆಯದರಲ್ಲಿ ನಿಲ್ಲಿ. ಎಲ್ಲಕ್ಕಿಂತ ದೊಡ್ಡದು ಅದೇ. ಕ್ರಿ.ಶ. 578ರಲ್ಲಿ ಚಾಲುಕ್ಯ ಮಂಗಳೇಶ ಕೊರೆಯಿಸಿದ್ದೆಂದು ಅಲ್ಲಿನ ಶಾಸನವೇ ಹೇಳುತ್ತದೆ. ನಾಲ್ಕನೆಯದು ಜೈನ ಗುಹೆ. ಇಳಿದ ಮೇಲೆ ಅಗಸ್ತ್ಯ ತೀರ್ಥದ ದಂಡೆ ಹಿಡಿದು ಭೂತನಾಥ ಗುಡಿವರೆಗೆ ಆಗಲೇ ಹೋಗಿಬಿಡಬೇಡಿ. ಅದು ಕೆರೆಯ ಪೂರ್ವ ತುದಿಗಿದೆ, ಸಂಜೆಯ ಬಿಸಿಲಿನಲ್ಲಿ ನೋಡುವ ಗುಡಿ. ಅಲ್ಲಿಗೆ ಟಿಕೆಟ್ ಇಲ್ಲ.

ಮಧ್ಯಾಹ್ನದ ಊಟಕ್ಕೆ ಬನಶಂಕರಿಗೆ ಹೋಗಿ. ಬಾದಾಮಿಯಿಂದ 5 ಕಿ.ಮೀ., ಬಸ್ಸೂ ಇದೆ, ಆಟೊವೂ ಇದೆ. ಗುಡಿಯ ಮುಂದಿನ ಹರಿದ್ರಾ ತೀರ್ಥದ ಬಳಿ ಸುತ್ತಲಿನ ಹಳ್ಳಿಯ ಹೆಣ್ಣುಮಕ್ಕಳು ಬುಟ್ಟಿ ಹೊತ್ತು ತಂದು ಊಟ ಮಾರುತ್ತಾರೆ: ಬಟ್ಟೆಯಲ್ಲಿ ಸುತ್ತಿದ ಜೋಳದ ರೊಟ್ಟಿ, ಕಾಳು ಪಲ್ಯ, ಬದನೆಕಾಯಿ, ಶೇಂಗಾ ಹಿಂಡಿ (ಚಟ್ನಿಪುಡಿ), ಕೆಂಪು ಚಟ್ನಿ, ಪುಟ್ಟ ಮಣ್ಣಿನ ಕುಡಿಕೆಯಲ್ಲಿ ಗಟ್ಟಿ ಮೊಸರು. ಮೊದಲು ಒಂದು ಪ್ಲೇಟಿಗೆ ಎಷ್ಟು, ಮೊಸರು ಅದರಲ್ಲೇ ಸೇರಿದೆಯೇ ಎಂದು ಕೇಳಿಬಿಡಿ. ಮುಜುಗರ ಆಗುವುದು ಊಟ ಮುಗಿದ ಮೇಲೆ ಚೌಕಾಸಿ ಮಾಡಿದಾಗ. ಹತ್ತು, ಇಪ್ಪತ್ತರ ಚಿಲ್ಲರೆ ಇಟ್ಟುಕೊಳ್ಳಿ. ಮಧ್ಯಾಹ್ನ ಒಂದೂವರೆಯೊಳಗೆ ಕೂತರೆ ಪಲ್ಯಗಳೆಲ್ಲ ಇರುತ್ತವೆ, ತಡವಾದಂತೆ ಬುಟ್ಟಿ ಬರಿದಾಗುತ್ತದೆ. ಮಂಗಳವಾರ, ಶುಕ್ರವಾರ ಭಕ್ತರು ಹೆಚ್ಚು. ಬನದ ಹುಣ್ಣಿಮೆಯ ಜಾತ್ರೆಯಲ್ಲಂತೂ ಬಾದಾಮಿಯಲ್ಲಿ ರೂಮು ಸಿಗುವುದೇ ಕಷ್ಟ.

ಅಕ್ಕಿ, ರಾಗಿ ತಿಂದು ಬೆಳೆದವರು ರೊಟ್ಟಿ ಊಟದಲ್ಲಿ ಎಡವುವುದು ಎರಡು ಕಡೆ. ಒಂದು, ಹಸಿವಿಗೆ ಮೊದಲೇ ನಾಲ್ಕು ರೊಟ್ಟಿ ಹಾಕಿಸಿಕೊಳ್ಳುವುದು. ಜೋಳ ಹೊಟ್ಟೆಯಲ್ಲಿ ನಿಧಾನಕ್ಕೆ ತುಂಬುತ್ತದೆ, ಎರಡರಲ್ಲಿ ನಿಲ್ಲಿಸಿ ಐದು ನಿಮಿಷ ಕಾಯಿರಿ. ಇನ್ನೊಂದು, ರಂಜಕ. ಅರೆದ ಕೆಂಪು ಮೆಣಸಿನಕಾಯಿಯ ಈ ಚಟ್ನಿಯನ್ನು ಪಲ್ಯದ ಹಾಗೆ ಬಳಿದುಕೊಂಡು ತಿಂದರೆ ಕಣ್ಣಲ್ಲಿ ನೀರು. ಬೆರಳ ತುದಿಯಷ್ಟು ಸಾಕು, ಜೊತೆಗೆ ಮೊಸರಿರಲಿ. ಖಾರ ಹತ್ತಿದಾಗ ನೀರು ಕುಡಿದರೆ ಇಳಿಯುವುದಿಲ್ಲ, ಮೊಸರೇ ಮದ್ದು. ಹಿಂಡಿಯನ್ನು ಒಣದಾಗಿ ತಿನ್ನಬೇಡಿ: ತಟ್ಟೆಯಲ್ಲಿ ಎರಡು ಚಮಚ ಹಾಕಿಸಿ, ನಡುವೆ ಬೆರಳಿನಿಂದ ಗುಂಡಿ ಮಾಡಿ, ಅದಕ್ಕೆ ಮೊಸರೋ ಕುಸುಬೆ ಎಣ್ಣೆಯೋ ಬಿಟ್ಟು ಕಲಸಿ. ಹಸಿ ಮೆಂತ್ಯ ಸೊಪ್ಪು, ಈರುಳ್ಳಿಯನ್ನು ಅಲಂಕಾರವೆಂದು ಬದಿಗಿಡುವವರಿದ್ದಾರೆ. ಅದು ಊಟದ್ದೇ ಭಾಗ, ತುತ್ತಿಗೊಂದು ಎಲೆ ಕಡಿಯಬೇಕು.

ರಾತ್ರಿ ಊರೊಳಗಿನ ಖಾನಾವಳಿಗೆ ಹೋಗಿ. ‘ಲಿಂಗಾಯತ ಖಾನಾವಳಿ’ ಎಂಬ ಬೋರ್ಡಿದ್ದರೆ ಶುದ್ಧ ಸಸ್ಯಾಹಾರ. ಕೂರುವ ಮೊದಲು ‘ಬಿಸಿ ರೊಟ್ಟಿ ಅದಾವೇನ್ರಿ’ ಎಂದು ಕೇಳಿ. ಬಡಿಯುತ್ತಿದ್ದರೆ ಕಾದು ತಿನ್ನಿ, ಬಿಸಿ ರೊಟ್ಟಿಗೆ ಎಣ್ಣೆಗಾಯಿ ಜೋಡಿ. ಇಲ್ಲದಿದ್ದರೆ ಆರಿ ನಾರಿನಂತಾದ ರೊಟ್ಟಿಗಿಂತ ಖಡಕ್ ರೊಟ್ಟಿಯೇ ವಾಸಿ: ಮುರಿದು, ಬೇಳೆ ಕಟ್ಟು ಸುರಿದು, ಅರ್ಧ ನೆನೆದಾಗ ತಿನ್ನಿ. ಮಾಂಸಾಹಾರಿಗಳು ಸಾವಜಿ ಊಟದ ಆಸೆಯನ್ನು ಹುಬ್ಬಳ್ಳಿ ಅಥವಾ ಗದಗಿಗೆ ಉಳಿಸಿಕೊಳ್ಳುವುದು ಲೇಸು.

ಎರಡನೆಯ ದಿನ ಬಾದಾಮಿಗೆ ವಾಪಸು ಬರುವ ಲೆಕ್ಕವೇ ಬೇಡ. ಚೀಲ ಹೆಗಲಿಗೇರಿಸಿ, ರೂಮು ಖಾಲಿ ಮಾಡಿ, ಬೆಳಗ್ಗೆ ಮೊದಲ ಬಸ್ಸುಗಳಲ್ಲೊಂದನ್ನು ಹಿಡಿದು ಪಟ್ಟದಕಲ್ಲಿಗೆ ಹೋಗಿ (22 ಕಿ.ಮೀ.). ಮಧ್ಯಾಹ್ನಕ್ಕೆ ಕಟ್ಟಿಸಿಕೊಂಡ ರೊಟ್ಟಿ, ಹಿಂಡಿ ಚೀಲದಲ್ಲಿರಲಿ. ಪಟ್ಟದಕಲ್ಲಿನಲ್ಲೂ ಐಹೊಳೆಯಲ್ಲೂ ಊಟಕ್ಕೆ ಆಯ್ಕೆ ಕಡಿಮೆ. ಮೊಸರು ಕಟ್ಟಿಸಬೇಡಿ, ಬಿಸಿಲಿಗೆ ಹುಳಿಯಾಗುತ್ತದೆ.

ಪಟ್ಟದಕಲ್ಲಿನಲ್ಲಿ ಶಿಖರಗಳ ಕಡೆ ತಲೆಯೆತ್ತಿ ನೋಡುವುದು ಮುಖ್ಯ. ಗಳಗನಾಥದ್ದು ಬಾಗಿ ಮೇಲೇರುವ ಉತ್ತರದ ನಾಗರ ಶಿಖರ, ಸಂಗಮೇಶ್ವರದ್ದು ಅಂತಸ್ತು ಅಂತಸ್ತಾಗಿ ಏರುವ ದ್ರಾವಿಡ ಶಿಖರ. ಒಂದೇ ಅಂಗಳದಲ್ಲಿ ಎರಡೂ ಇರುವುದೇ ಇಲ್ಲಿನ ವಿಶೇಷ. 1987ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ್ದೂ ಇದಕ್ಕಾಗಿಯೇ. ಕೊನೆಗೆ ವಿರೂಪಾಕ್ಷ: ಎರಡನೆಯ ವಿಕ್ರಮಾದಿತ್ಯ ಕಂಚಿಯ ಪಲ್ಲವರನ್ನು ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ ಗುಡಿ. ಒಳಗಿನ ಕಂಬಗಳಲ್ಲಿ ರಾಮಾಯಣ, ಮಹಾಭಾರತದ ಪ್ರಸಂಗಗಳಿವೆ. ಒಳಗೆ ಕತ್ತಲೆ, ಆದ್ದರಿಂದ ಒಂದೆರಡು ನಿಮಿಷ ಕಣ್ಣು ಹೊಂದಿಕೊಳ್ಳಲಿ.

ಅಲ್ಲಿಂದ ಐಹೊಳೆ ಸುಮಾರು 14 ಕಿ.ಮೀ. ನೇರ ಬಸ್ಸು ಕಡಿಮೆ, ಪ್ಲಾನು ಹಳ್ಳ ಹಿಡಿಯುವುದು ಸಾಮಾನ್ಯವಾಗಿ ಇಲ್ಲೇ. ಈ ಒಂದು ತುಂಡಿಗೆ ಮಾತ್ರ ಆಟೊ ಮಾಡಿ, ಗೇಟಿನ ಹತ್ತಿರ ಇನ್ನಿಬ್ಬರು ಪ್ರವಾಸಿಗರು ಸಿಕ್ಕರೆ ಬಾಡಿಗೆ ಹಂಚಿಕೊಳ್ಳಿ. ಐಹೊಳೆಯಲ್ಲಿ ದುರ್ಗ ಗುಡಿಗೆ ಆ ಹೆಸರು ಬಂದದ್ದು ದುರ್ಗಿಯಿಂದಲ್ಲ, ಕೋಟೆಯಿಂದ. ಲಾಡ್ ಖಾನ್ ಗುಡಿ ಅದೇ ಆವರಣದಲ್ಲಿದೆ. ಕಾಲಲ್ಲಿ ಶಕ್ತಿಯಿದ್ದರೆ ಮೇಗುಟಿ ಗುಡ್ಡ ಹತ್ತಿ: ಇಮ್ಮಡಿ ಪುಲಕೇಶಿಯನ್ನು ಹೊಗಳಿ ರವಿಕೀರ್ತಿ ಬರೆದ 634ರ ಶಾಸನ ಅಲ್ಲಿದೆ. ಗುಡ್ಡ ಹತ್ತಲಾಗದವರಿಗೆ ರಾವಣಫಡಿ ಗುಹೆ.

ಮಧ್ಯಾಹ್ನ ಮೂರೂವರೆಗೆಲ್ಲ ಐಹೊಳೆ ಬಿಟ್ಟು ಅಮೀನಗಡಕ್ಕೆ ಹೊರಡಿ. ಅದು ಬಾಗಲಕೋಟೆ–ಹುನಗುಂದ ರಸ್ತೆಯ ಮೇಲಿರುವುದರಿಂದ ಬಾಗಲಕೋಟೆಗೆ ಬಸ್ಸಿಗೆ ಪರದಾಡಬೇಕಿಲ್ಲ, ರಾತ್ರಿಯ ವಾಪಸು ರೈಲಿನ ಟಿಕೆಟನ್ನು ಬಾಗಲಕೋಟೆಯಿಂದಲೇ ತೆಗೆಸಿರಿ. ಅಮೀನಗಡಕ್ಕೆ ಹೋಗುವ ಇನ್ನೊಂದು ಕಾರಣ ಕರದಂಟು. ಬೆಲ್ಲ, ಒಣ ಕೊಬ್ಬರಿ, ತುಪ್ಪದಲ್ಲಿ ಅರಳಿಸಿದ ಅಂಟು (ತಿನ್ನುವ ಗೋಂದು), ಒಣಹಣ್ಣು ಸೇರಿಸಿ ಮಾಡುವ ಇದನ್ನು ಕೊಳ್ಳುವ ಮೊದಲು ಒಂದು ಚೂರು ಕೇಳಿ ತಿನ್ನಿ. ಅಂಟು ಹಲ್ಲಿಗೆ ಕರಕರ ಅನ್ನಬೇಕು. ಹಲ್ಲಿಗೆ ಮೆತ್ತಿಕೊಂಡರೆ ಅದು ಸರಿಯಾಗಿ ಅರಳಿಲ್ಲ. ಕೊಬ್ಬರಿಯಲ್ಲಿ ಮುಗ್ಗಲು ವಾಸನೆ ಬಂದರೆ ಹಳೇ ಮಾಲು. ಮನೆಗೆ ಖಡಕ್ ರೊಟ್ಟಿಯನ್ನೂ ಒಯ್ಯುವುದಾದರೆ ಬಟ್ಟೆಗಳ ನಡುವೆ ತುರುಕಬೇಡಿ, ಪುಡಿಯಾಗುತ್ತದೆ. ಎರಡು ಸ್ಟೀಲ್ ತಟ್ಟೆಗಳ ನಡುವೆ ಇಟ್ಟು ಟವೆಲ್ಲಿನಲ್ಲಿ ಬಿಗಿಯಾಗಿ ಕಟ್ಟಿ. ಮನೆಗೆ ಬಂದ ಮೇಲೆ ಗಾಳಿಯಾಡದ ಡಬ್ಬಿಗೆ ಹಾಕಿ, ಮೆತ್ತಗಾಗಿದ್ದರೆ ಸಣ್ಣ ಉರಿಯ ತವೆಯ ಮೇಲೆ ಎರಡೂ ಕಡೆ ಬೆಚ್ಚಗೆ ಮಾಡಿದರೆ ಮತ್ತೆ ಖಡಕ್.