ತುಡುವೆ ಜೇನಿಗೆ ವಾಸನೆ ಕಲಿಸಿದ್ದು

ಎಂ.ಎಸ್ಸಿ. ಪ್ರಾಜೆಕ್ಟಿಗಾಗಿ ಬೆಂಗಳೂರಿನ ಪ್ರಯೋಗಾಲಯವೊಂದರಲ್ಲಿ ತುಡುವೆ ಜೇನುನೊಣಗಳಿಗೆ ಲವಂಗದೆಣ್ಣೆಯ ವಾಸನೆಯನ್ನು ಸಕ್ಕರೆ ನೀರಿನೊಂದಿಗೆ ಬೆಸೆದು ಕಲಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಕುಡಿಮೀಸೆಗೆ (ಆಂಟೆನಾಗೆ) ಸಕ್ಕರೆ ನೀರು ತಾಗಿದರೆ ಹಸಿದ ಜೇನು ತಾನಾಗಿಯೇ ನಾಲಿಗೆ ಚಾಚುತ್ತದೆ. ವಾಸನೆಯ ಬೆನ್ನಿಗೇ ಸಕ್ಕರೆ ಕೊಡುತ್ತ ಹೋದರೆ, ಕೆಲವೇ ಸರದಿಗಳಲ್ಲಿ ಬರಿಯ ವಾಸನೆಗೇ ಚಾಚತೊಡಗುತ್ತದೆ.

ಪೆಟ್ಟಿಗೆಯ ಬಾಯಲ್ಲಿ ಹಿಡಿದ ನೊಣಗಳನ್ನು ಮಂಜುಗಡ್ಡೆಯ ಮೇಲಿಟ್ಟು ಮಂಪರು ಬರಿಸಿ, ತಲೆಯಷ್ಟೇ ಹೊರಗುಳಿಯುವಂತೆ ಎಳನೀರಿನ ಸ್ಟ್ರಾ ತುಂಡುಗಳಲ್ಲಿ ಕೂರಿಸಿ, ಕೆಲವು ಗಂಟೆ ಹಸಿವಿಗೆ ಬಿಡುತ್ತಿದ್ದೆ. 4 ಸೆಕೆಂಡು ವಾಸನೆ, ಅದು ಮುಗಿಯುವ ಮುನ್ನವೇ ಸಕ್ಕರೆ, ಆಮೇಲೆ 10 ನಿಮಿಷ ಬಿಡುವು. ಮೊದಲ ದಿನ ಮಂಜುಗಡ್ಡೆಯ ಮೇಲೆ ಹೆಚ್ಚು ಹೊತ್ತು ಬಿಟ್ಟು ಅರ್ಧಕ್ಕರ್ಧ ನೊಣಗಳನ್ನು ಕೊಂದೆ.

ಅದಕ್ಕಿಂತ ದೊಡ್ಡ ಪೆಟ್ಟು ಹೋಲಿಕೆಯ ಗುಂಪಿನಲ್ಲಿ ಬಿತ್ತು. ಈ ನೊಣಗಳಿಗೆ ವಾಸನೆಯನ್ನೂ ಸಕ್ಕರೆಯನ್ನೂ ಐದೈದು ನಿಮಿಷ ಬಿಟ್ಟು ಬೇರೆ ಬೇರೆಯಾಗಿ ಕೊಡುತ್ತಿದ್ದುದರಿಂದ ಅವು ಏನನ್ನೂ ಕಲಿಯಬಾರದಿತ್ತು; ಆದರೆ ಕಲಿತವು. ಎರಡು ವಾರ ತಲೆ ಕೆಡಿಸಿಕೊಂಡ ಮೇಲೆ ತಿಳಿದದ್ದು, ಕೋಣೆಯಲ್ಲಿ ಲವಂಗದ ವಾಸನೆ ಕರಗದೆ ನಿಲ್ಲುತ್ತಿತ್ತು, ಸಕ್ಕರೆ ಕೊಡುವಾಗಲೂ ಅದು ಅಲ್ಲಿಯೇ ಇತ್ತು. ಎಸ್.ಪಿ. ರಸ್ತೆಯಲ್ಲಿ ಕೊಂಡ ಹಳೆಯ ಕಂಪ್ಯೂಟರ್ ಫ್ಯಾನನ್ನು ನೊಣದ ಹಿಂದೆ ಕೂರಿಸಿ ಗಾಳಿಯನ್ನು ಕಿಟಕಿಯಾಚೆ ಎಳೆಸಿದ ಮೇಲೆಯೇ ಎರಡು ಗುಂಪುಗಳು ಬೇರ್ಪಟ್ಟವು. ಈ ಪ್ರಯೋಗದಲ್ಲಿ ಬೆಲೆಬಾಳುವ ಉಪಕರಣ ಯಾವುದೆಂದು ಕೇಳಿದರೆ ನಾನು ಆ ಫ್ಯಾನನ್ನೇ ತೋರಿಸುತ್ತೇನೆ.

ಇಷ್ಟಾದರೂ ನಾನು ನೋಡುತ್ತಿದ್ದುದು ನಾಲಿಗೆಯನ್ನು, ಮಿದುಳನ್ನಲ್ಲ. ಮಿದುಳಿನೊಳಗೆ ಇಣುಕಿದವರು ಜರ್ಮನಿಯ ಸಂಶೋಧಕರು. ಸಕ್ಕರೆಗೆ ಮಿಡಿಯುವ ಒಂದೇ ಒಂದು ನರಕೋಶವನ್ನು ವಾಸನೆಯ ಬೆನ್ನಿಗೆ ವಿದ್ಯುತ್ತಿನಿಂದ ಕೆರಳಿಸಿದರೆ, ಸಕ್ಕರೆಯಿಲ್ಲದೆಯೂ ಜೇನು ಕಲಿಯುತ್ತದೆಂದು ಮಾರ್ಟಿನ್ ಹ್ಯಾಮರ್ 1993ರಲ್ಲಿ ತೋರಿಸಿದರು. ಆ ಕೋಶದ ಕವಲುಗಳು ವಾಸನೆಯ ಮೊದಲ ನಿಲ್ದಾಣವಾದ ಆಂಟೆನಲ್ ಲೋಬಿಗೂ ಚಾಚಿವೆ. 1999ರಲ್ಲಿ ಫೇಬರ್, ಯೋರ್ಗೆಸ್, ಮೆಂಜಲ್ ಅದೇ ಲೋಬಿನಲ್ಲಿ ನರಕೋಶಗಳ ಚಟುವಟಿಕೆ ತೋರುವ ಕ್ಯಾಲ್ಸಿಯಂ ಸಂಕೇತಗಳನ್ನು ಅಳೆದಾಗ, ಸಕ್ಕರೆಯ ಬಹುಮಾನ ಸಿಕ್ಕ ವಾಸನೆಗೆ ಮೂಡುವ ಚಟುವಟಿಕೆಯ ಚಿತ್ರ ಮೊದಲಿಗಿಂತ ತೀವ್ರಗೊಂಡಿತ್ತು, ಬಹುಮಾನ ಸಿಗದ ವಾಸನೆಯ ಚಿತ್ರದಿಂದ ಹೆಚ್ಚು ಭಿನ್ನವೂ ಆಗಿತ್ತು. ಕಲಿಕೆಯೆಂದರೆ ಮಿದುಳಿನ ಮೇಲಿನ ಹಂತದ ಯಾವುದೋ ಉಗ್ರಾಣದಲ್ಲಿ ನೆನಪನ್ನು ಪೇರಿಸಿಡುವುದು ಎಂಬ ನನ್ನ ಕಲ್ಪನೆ ಇದರಿಂದ ಅಲುಗಾಡಿತು. ಆದರೆ 2006ರಲ್ಲಿ, ಆ ಲೋಬಿನಿಂದ ಸುದ್ದಿ ಹೊರಗೊಯ್ಯುವ ನರಕೋಶಗಳ ಒಂದು ಗುಂಪನ್ನು ಮಾತ್ರ ಬೇರ್ಪಡಿಸಿ ಅಳೆದವರಿಗೆ ಅಂಥ ಬದಲಾವಣೆ ಕಾಣಿಸಲಿಲ್ಲ.

ಅದನ್ನು ಓದಿದ ರಾತ್ರಿ ನನ್ನ ವರದಿಯಲ್ಲಿದ್ದ ‘ನೊಣದ ಮಿದುಳು ಬದಲಾಯಿತು’ ಎಂಬ ವಾಕ್ಯವನ್ನು ಹೊಡೆದುಹಾಕಿ, ‘ಇಷ್ಟು ನೊಣಗಳು ನಾಲಿಗೆ ಚಾಚಿದವು’ ಎಂದು ತಿದ್ದಿದೆ.