ಔಷಧಿ ಪಂಪಿನ ಬ್ಯಾಟರಿ ಒಂದೇ ವರ್ಷಕ್ಕೆ ಯಾಕೆ ಕೂರುತ್ತೆ?

ಮೆಕ್ಕೆಜೋಳ ಮೊಣಕಾಲೆತ್ತರ ಬರೋ ಹೊತ್ತಿಗೆ ದಾವಣಗೆರೆಯ ನನ್ನ ರಿಪೇರಿ ಅಂಗಡಿ ಮುಂದೆ ಬೆಳೆಗೆ ಔಷಧಿ ಹೊಡೆಯೋ ಬ್ಯಾಟರಿ ಪಂಪುಗಳ ಸಾಲು. 2018ರಲ್ಲಿ ಸೈನಿಕ ಹುಳು ಬಂದಮೇಲಂತೂ ಊಟಕ್ಕೂ ಪುರುಸೊತ್ತಿಲ್ಲ. ಬಂದವರದ್ದೆಲ್ಲ ಒಂದೇ ರಾಗ: "ಹೋದ್ವರ್ಷ ತಗೊಂಡಿದ್ದು ಕಣಣ್ಣ, ನಾಕು ಕ್ಯಾನಿಗೇ ನಿಂತೋತು."

ನಾನು ಮೀಟರ್ ಮುಟ್ಟೋ ಮೊದಲು ಕೇಳೋದು, ಸುಗ್ಗಿ ಮುಗಿದ ಮೇಲೆ ಎಲ್ಲಿಟ್ಟಿದ್ರಿ ಅಂತ. "ಅಟ್ಟದ ಮೇಲೆ." ನಡುವೆ ಚಾರ್ಜ್ ಮಾಡಿದ್ರಾ? ಮಾತಿಲ್ಲ. ಈ ಪಂಪುಗಳಲ್ಲಿ ಹೆಚ್ಚಿನವಕ್ಕೆ ಇರೋದು 12 ವೋಲ್ಟಿನ ಸೀಸದ ಬ್ಯಾಟರಿ. ಖಾಲಿ ಮಾಡಿ ಹಂಗೇ ಬಿಟ್ರೆ ಒಳಗಿನ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತೆ, ಆಮೇಲೆ ಚಾರ್ಜ್ ಹಿಡಿಯಲ್ಲ. ತಗಡಿನ ಶೀಟಿನ ಕೆಳಗೆ ಬೇಸಿಗೆ ಕಳೆದಿದ್ರಂತೂ ಕೇಳೋದೇ ಬೇಡ.

ಆದ್ರೂ ಬ್ಯಾಟರಿ ಬಿಸಾಡೋ ಮುಂಚೆ ಚಾರ್ಜರ್ ನೋಡಿ. ಚಾರ್ಜಿಗೆ ಹಾಕಿ ಮೂರ್ನಾಲ್ಕು ಗಂಟೆ ಆದಮೇಲೆ ಬ್ಯಾಟರಿ ತುದಿಗಳಲ್ಲಿ ಮಲ್ಟಿಮೀಟರ್ ಇಟ್ರೆ 13.8ರಿಂದ 14.5 ವೋಲ್ಟಿನ ಒಳಗೆ ಬರಬೇಕು. 15 ದಾಟಿದ್ರೆ ಒಳಗಿನ ನೀರು ಆರಿ ಬ್ಯಾಟರಿ ಊದಿಕೊಳ್ಳುತ್ತೆ. ಹಸಿರು ಲೈಟ್ ನಂಬಬೇಡಿ. ವೈರ್ ಒಳಗೇ ತುಂಡಾಗಿದ್ರೂ ಹಸಿರು ಉರಿಯುತ್ತೆ. ಖಾಲಿ ಬ್ಯಾಟರಿಗೆ ಹತ್ತೇ ನಿಮಿಷಕ್ಕೆ ಹಸಿರು ಬಂತು ಅಂದ್ರೆ ಅದು ತುಂಬಿಲ್ಲ, ಕರೆಂಟ್ ತಗೊಳ್ತಾನೇ ಇಲ್ಲ.

ತುಂಬಿಸಿದ ಬ್ಯಾಟರಿಯನ್ನ ವೈರ್ ಬಿಚ್ಚಿ ರಾತ್ರಿಯೆಲ್ಲ ಬಿಡಿ. ಬೆಳಿಗ್ಗೆ 12.7ರ ಮೇಲಿದ್ರೆ ಆಸೆ ಇದೆ. 10.5ರ ಆಸುಪಾಸು ನಿಂತಿದ್ರೆ ಆರು ಸೆಲ್‌ನಾಗೆ ಒಂದು ಸತ್ತಿದೆ, ದುಡ್ಡು ಸುರಿಯಬೇಡಿ.

ವೋಲ್ಟ್ ಒಂದನ್ನೇ ನೋಡಿ ಬ್ಯಾಟರಿ ಚೆನ್ನಾಗಿದೆ ಅಂದು ನಾನೇ ಒಬ್ಬ ಯಜಮಾನರ ಹತ್ರ ಬೈಸಿಕೊಂಡಿದ್ದೀನಿ. ಅದಕ್ಕೇ ಈಗ ಬೈಕಿನ 35 ವ್ಯಾಟ್ ಹೆಡ್‌ಲೈಟ್ ಬಲ್ಬ್ ಕಟ್ಟಿ ಉರಿಸ್ತೀನಿ. ಸುಮಾರು 3 ಆಂಪಿಯರ್ ಎಳೆಯುತ್ತೆ, ಪಂಪಿನ ಮೋಟಾರೂ ಹೆಚ್ಚುಕಮ್ಮಿ ಅಷ್ಟೇ. 8 ಎಎಚ್ (ಆಂಪಿಯರ್-ಅವರ್) ಹೊಸ ಬ್ಯಾಟರಿ ಎರಡು ಗಂಟೆ ಹತ್ರ ತಡೆಯುತ್ತೆ. ಅರ್ಧ ಗಂಟೆಯೊಳಗೇ 10.5ಕ್ಕೆ ಇಳಿದ್ರೆ ಬದಲಾಯಿಸಲೇಬೇಕು. ಅಷ್ಟಕ್ಕೆ ಇಳಿದ ಕೂಡ್ಲೇ ಬಲ್ಬ್ ಬಿಚ್ಚಿ, ಪೂರ್ತಿ ಹಿಂಡಬೇಡಿ.

ಬ್ಯಾಟರಿ ತಡೀತು, ಪಂಪು ಮಾತ್ರ ನಿಲ್ಲುತ್ತೆ ಅಂದ್ರೆ? ಕನೆಕ್ಟರ್ ಮೇಲೆ ಬಿಳಿ-ಹಸಿರು ಪುಡಿ ಕಟ್ಟಿರುತ್ತೆ, ಉಜ್ಜಿ ತೆಗೀರಿ. ಔಷಧಿ ಸೋಸೋ ಜಾಲರಿ ತೊಳೀರಿ. ಮೋಟಾರ್ ಕೈಗೆ ಸುಡುವಂಗಿದ್ರೆ ತಪ್ಪು ಅದರದ್ದು.

ಹೊಸದು ಹಾಕಿಸಿಕೊಂಡವರಿಗೆ ಹೇಳೋದಿಷ್ಟು. ಔಷಧಿ ಹೊಡೆದ ದಿನ ಸಂಜೆನೇ ಚಾರ್ಜಿಗೆ ಹಾಕಿ. ಸೀಸನ್ ಮುಗಿದ ಮೇಲೆ ತುಂಬಿಸಿ, ಕೆಂಪು ವೈರ್ ಬಿಚ್ಚಿ, ನೆಲದ ಮೇಲೆ ತಂಪಲ್ಲಿಡಿ. ತಿಂಗಳಿಗೊಮ್ಮೆ ಚಾರ್ಜ್ ಮಾಡಿ. ನೆನಪಿರಲ್ಲ ಅಂತೀರಾ? ಅಮಾವಾಸ್ಯೆಗೆ ಗಾಡಿ ಪೂಜೆ ಮಾಡ್ತೀರಲ್ಲ, ಅವತ್ತೇ ಇದನ್ನೂ ಚಾರ್ಜಿಗೆ ಹಾಕಿ.