ಹಣೆ ಮೇಲಿನ ಆ ಗುಳ್ಳೆಗಳು ಮೊಡವೆ ಆಗಿರ್ಲೇ ಇಲ್ಲ

ಒಂದೂವರೆ ವರ್ಷ ನನ್ನ ಹಣೆ ಮೇಲೆ ಕೈ ಆಡಿಸಿದ್ರೆ ರವೆ ಮುಟ್ಟಿದ ಹಾಗಿರ್ತಿತ್ತು. ದೂರದಿಂದ ಏನೂ ಕಾಣಲ್ಲ, ಕಿಟಕಿ ಪಕ್ಕ ಓರೆ ಬೆಳಕಲ್ಲಿ ನಿಂತ್ರೆ ಮಾತ್ರ ಕೂದಲಂಚಿಂದ ಹುಬ್ಬಿನ ತನಕ ಎಲ್ಲಾ ಒಂದೇ ಸೈಜಿನ ಗುಳ್ಳೆ. ಅಮ್ಮ ಉಷ್ಣ ಅಂತ ಎಳನೀರು ಕುಡಿಸಿದ್ರು. ನಾನು ಮೊಡವೆ ಅಂದ್ಕೊಂಡು ಆಂಟಿಬಯೋಟಿಕ್ ಜೆಲ್ ಹಚ್ಚಿದೆ, ಇನ್ನೂ ಜಾಸ್ತಿ ಆಯ್ತು. ಆಮೇಲೆ ಮೆಡಿಕಲಲ್ಲಿ ಕೇಳಿ ತಂದ ಕ್ರೀಮ್ ಹಚ್ಚಿದ ನಾಲ್ಕೇ ದಿನಕ್ಕೆ ಮುಖ ನುಣ್ಣಗಾಯ್ತು, ಖುಷೀಲಿ ಒಂದು ತಿಂಗಳು ಹಚ್ಚಿದೆ, ನಿಲ್ಲಿಸಿದ ವಾರಕ್ಕೇ ಡಬಲ್ ಆಗಿ ಬಂತು, ಕೆನ್ನೆ ಎಲ್ಲ ಕೆಂಪು, ಉರಿ. ಟ್ಯೂಬ್ ಹಿಂದಿನ ಸಣ್ಣಕ್ಷರ ಓದಿದಾಗ ಗೊತ್ತಾಯ್ತು, ಅದರಲ್ಲಿ ಸ್ಟೀರಾಯ್ಡ್ ಇತ್ತು. ಮೊಮೆಟಾಸೋನ್, ಬೆಟಾಮೆಥಾಸೋನ್, ಕ್ಲೋಬೆಟಾಸಾಲ್ ಅಂತ ಕಂಡ್ರೆ ಡಾಕ್ಟರ್ ಹೇಳದೆ ಮುಖಕ್ಕೆ ಹಚ್ಚಬೇಡಿ, ದಯವಿಟ್ಟು.

ಕೊನೆಗೆ ಚರ್ಮದ ಡಾಕ್ಟರ್ ಹತ್ರ ಹೋದೆ. ಮೊದಲು ಕೇಳಿದ್ದು "ತುರಿಕೆ ಇದ್ಯಾಮ್ಮಾ?" ಇತ್ತು, ಬೆವರಿದಾಗಂತೂ ತಡೆಯಕ್ಕಾಗಲ್ಲ. ಆಮೇಲೆ "ತಲೆಗೆ ಎಣ್ಣೆ ಹಾಕ್ತೀಯಾ?" ರಾತ್ರಿ ಗಾಣದ ಕೊಬ್ಬರಿ ಎಣ್ಣೆ ತಟ್ಕೊಂಡು ಮಲಗೋದು ನಮ್ಮನೆ ಅಭ್ಯಾಸ, ಬೆಳಿಗ್ಗೆ ಅದರ ಮೇಲೇ ಹೆಲ್ಮೆಟ್, ಮೇಲಿಂದ ಮಂಗಳೂರಿನ ಸೆಕೆ. ಅವರು ಒಂದು ಗುಳ್ಳೆ ಕೆರೆದು ಸ್ಲೈಡ್ ಮೇಲೆ ಹಾಕಿ ಮೈಕ್ರೋಸ್ಕೋಪಲ್ಲಿ ನೋಡಿದ್ರು. ಮಲಸೇಜಿಯಾ ಅನ್ನೋ ಯೀಸ್ಟ್, ಅಂದ್ರೆ ಒಂದು ಥರದ ಫಂಗಸ್. ಎಲ್ಲರ ಚರ್ಮದಲ್ಲೂ ಇರತ್ತೆ, ತಲೆಹೊಟ್ಟಲ್ಲೂ ಇದರದ್ದೇ ಕೈವಾಡ, ಜಿಡ್ಡಿನ ಫ್ಯಾಟಿ ಆಸಿಡ್ ತಿಂದು ಬೆಳೆಯತ್ತೆ, ಕೂದಲಿನ ಬುಡದಲ್ಲಿ ಅತಿಯಾದಾಗ ಹೀಗೆ ಗುಳ್ಳೆ ಏಳತ್ತೆ. ಆಂಟಿಬಯೋಟಿಕ್ ಬ್ಯಾಕ್ಟೀರಿಯಾನ ಕಮ್ಮಿ ಮಾಡಿ ಇದಕ್ಕೇ ಜಾಗ ಬಿಟ್ಟುಕೊಟ್ಟಿತ್ತು.

ಕೊಟ್ಟಿದ್ದು ಫಂಗಸ್ ಕಮ್ಮಿ ಮಾಡೋ 2% ಕೀಟೋಕೊನಜೋಲ್ ಶಾಂಪೂ. ಒದ್ದೆ ಹಣೆಗೆ ತೆಳ್ಳಗೆ ಹಚ್ಚಿ, ಕಣ್ಣಿಗೆ ಹೋಗದ ಹಾಗೆ ಐದು ನಿಮಿಷ ಕೂತು ತೊಳೆಯೋದು, ದಿನಾ, ಎರಡು ವಾರ. ಚರ್ಮ ಒಣಗಿ ಬಿಗಿ ಆಗ್ತಿತ್ತು, ಅದಕ್ಕೆ ಎಣ್ಣೆ ಅಂಶ ಇಲ್ಲದ ಜೆಲ್ ಮಾಯಿಶ್ಚರೈಸರ್. ಹತ್ತನೇ ದಿನ ತುರಿಕೆ ನಿಂತಿತು, ಮೂರನೇ ವಾರ ಹಣೆ ಸಪಾಟು. ಕೆಲವರಿಗೆ ಮಾತ್ರೆನೂ ಬೇಕಾಗತ್ತಂತೆ, ನಂಗೆ ಬೇಕಾಗಲಿಲ್ಲ. ಈಗ ವಾರಕ್ಕೊಂದ್ಸಲ ಶಾಂಪೂ, ಹೆಲ್ಮೆಟ್ ಒಳಗಿನ ಬಟ್ಟೆ ಒಗೀತೀನಿ, ಎಣ್ಣೆ ಕೂದಲ ತುದಿಗೆ ಮಾತ್ರ, ಅದೂ ತಲೆಸ್ನಾನಕ್ಕೆ ಒಂದು ಗಂಟೆ ಮುಂಚೆ.

ಗದ್ದದ ಮೇಲಿದ್ದ, ತುರಿಕೆ ಇಲ್ಲದ ನಾಲ್ಕು ಗುಳ್ಳೆ ಇದಕ್ಕೆ ಜಗ್ಗಲಿಲ್ಲ. ಅವು ಚರ್ಮದ ರಂಧ್ರ ಕಟ್ಟಿಕೊಂಡು ಆಗಿದ್ದು, ಅಡಾಪಲೀನ್ 0.1% ಅನ್ನೋ ಮೊಡವೆ ಔಷಧಿ ರಾತ್ರಿ ಬಟಾಣಿಯಷ್ಟು ಹಚ್ಚಿ ಮೂರು ತಿಂಗಳು ಕಾಯ್ಬೇಕಾಯ್ತು (ಬಸುರಿಯರಿಗೆ ಇದು ಬೇಡ). ಕಣ್ಣ ಕೆಳಗಿನ ಎರಡು ಗಟ್ಟಿ ಬಿಳಿ ಕಾಳು ಮಿಲಿಯಾ, ಡಾಕ್ಟರೇ ಸೂಜಿಯಿಂದ ಬಿಡಿಸಿದ್ರು, ಒಳಗಿಂದ ಸಾಬಕ್ಕಿ ಚೂರಿನಂಥದ್ದು ಬಂತು.